ಮಮ್ಮಿ ಅಂದರೆ ಓ ಅನ್ನಬಾರದು

ಏಪ್ರನ್ನಿನ ಅಂಚನ್ನು ಯಾರೋ ಹಿಂದಿನಿಂದ ಎಳೆದರು. ಆಂಟಿ ಮಂಡಿಯೂರಿ ಕೂತು ಅವಳಿ ಹುಡುಗರಿಬ್ಬರ ಬೆನ್ನನ್ನು ಎರಡೂ ಕೈಯಿಂದ ತಟ್ಟುತ್ತಿದ್ದಳು. ಬಲಗೈ ನಿಂತರೆ ಒಬ್ಬ ಕಣ್ಣು ಬಿಡುತ್ತಿದ್ದ, ಎಡಗೈ ನಿಂತರೆ ಇನ್ನೊಬ್ಬ. ಪರದೆ ಎಳೆದ ಕೋಣೆಯಲ್ಲಿ ಉಳಿದ ಮಕ್ಕಳೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದವು. ಅಂಚನ್ನು ಮತ್ತೆ ಎಳೆದ ಹಾಗಾಯಿತು.

"ಮಮ್ಮಿ."

ಆಂಟಿ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ತಟ್ಟುವ ಕೈ ನಿಲ್ಲಲಿಲ್ಲ. ಯೋಚಿಸಿ ಮಾಡಿದ್ದಲ್ಲ ಅದು. ಬಿಸಿ ಪಾತ್ರೆಗೆ ತಗುಲಿದ ಕೈ ತಾನಾಗಿ ಹಿಂದಕ್ಕೆ ಬರುವುದಿಲ್ಲವೇ, ಹಾಗೆ. ಈ ಡೇ ಕೇರ್‌ನಲ್ಲಿ ಕೆಲಸಕ್ಕೆ ಸೇರಿದವರಿಗೆ ಕಲಿಸುವ ಮೊದಲ ಪಾಠವೇ ಇದು: ಮಗು ಮಮ್ಮಿ ಅಂದರೆ ಓ ಅನ್ನಬಾರದು. ಗದರುವುದು ಬೇಡ, ತಿದ್ದುವುದು ಬೇಡ, ನಗುವುದಂತೂ ಬೇಡವೇ ಬೇಡ. ಕೇಳಿಸದವರ ಹಾಗೆ ಇದ್ದುಬಿಡಬೇಕು. ಆಂಟಿ ಅಂದಾಗ ಮಾತ್ರ ತಿರುಗಿ "ಏನು ಕಂದಾ" ಅನ್ನಬೇಕು. ಮಕ್ಕಳು ವ್ಯಾಪಾರಸ್ಥರಿದ್ದ ಹಾಗೆ. ಯಾವ ಮಾತಿಗೆ ಗಿರಾಕಿ ಇಲ್ಲವೋ ಆ ಮಾತನ್ನು ಮೂರು ನಾಲ್ಕು ದಿನದಲ್ಲಿ ಅಂಗಡಿಯಿಂದಲೇ ತೆಗೆದುಬಿಡುತ್ತವೆ.

ಅಂಚು ಸಡಿಲಾಯಿತು. ಪುಟ್ಟ ಪಾದಗಳು ಹಿಂದಕ್ಕೆ ಹೋದ ಸದ್ದು ಕೇಳಿಸಿತು. ಆಗ ಆಂಟಿಗೆ ಒಂದು ವಿಷಯ ಹೊಳೆಯಿತು. ಕಣ್ಣು ಕಟ್ಟಿ ಕೂರಿಸಿದರೂ ಯಾವ ಮಗು ಅತ್ತಿತು, ಯಾವುದು ಕೆಮ್ಮಿತು ಎಂದು ಹೇಳಬಲ್ಲವಳು ಅವಳು. ಈಗ ಮಮ್ಮಿ ಅಂದ ದನಿಯನ್ನು ಮಾತ್ರ ಈ ಕೋಣೆಯಲ್ಲಿ ಎಂದೂ ಕೇಳಿರಲಿಲ್ಲ.

ತಿರುಗಿ ನೋಡಿದಳು. ಗುಸ್ಕಿ ತನ್ನ ಹಾಸಿಗೆಯ ಮೇಲೆ ಹೋಗಿ ಕೂತು, ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಗೋಡೆ ನೋಡುತ್ತಿದ್ದಳು.

ಗುಸ್ಕಿ ಎಂಬುದು ಅಡುಗೆಮನೆಯಲ್ಲಿ ಹುಟ್ಟಿದ ಹೆಸರು. ಎರಡು ವರ್ಷ ತುಂಬಿದರೂ ಒಂದು ಮಾತಾಡದ ಹುಡುಗಿಯನ್ನು ನೋಡಿ ಅಡುಗೆಯವನು "ಇದೊಳ್ಳೆ ಗುಮ್ಮನಗುಸ್ಕ" ಅಂದಿದ್ದ. ಅದು ಸವೆದು ಸವೆದು ಗುಸ್ಕಿ ಆಗಿತ್ತು. ಅವಳ ಅಮ್ಮನ ಎದುರಿಗೆ ಮಾತ್ರ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಹುಡುಗಿ ಪೆದ್ದಿಯಲ್ಲ. ಬೂಟು ತಂದುಕೊಡು ಅಂದರೆ ಸರಿಯಾದ ಜೋಡಿಯನ್ನೇ ತರುತ್ತಿದ್ದಳು. ಬೇಕಾದ್ದರ ಕಡೆಗೆ ನಿಮ್ಮ ಬೆರಳು ಹಿಡಿದು ನಡೆಸಿಕೊಂಡು ಹೋಗುತ್ತಿದ್ದಳು. ಬಾಯಿ ಒಂದನ್ನು ಬಿಟ್ಟು ಉಳಿದೆಲ್ಲ ಅವಳಲ್ಲಿ ಚುರುಕಾಗಿತ್ತು.

ಅವಳಿಗಳು ನಿದ್ದೆಹೋದ ಮೇಲೆ ಆಂಟಿ ಗುಸ್ಕಿಯ ಹತ್ತಿರ ಹೋಗಿ ಕೂತಳು. "ಏನಂದೆ ಪುಟ್ಟಾ? ಇನ್ನೊಂದ್ಸಲ ಹೇಳು." ಗುಸ್ಕಿ ಅವಳನ್ನು ನೋಡಿದಳು. ಬಾಯಿಂದ ಹೆಬ್ಬೆರಳು ತೆಗೆಯಲಿಲ್ಲ.

ಅಡುಗೆಮನೆಯಲ್ಲಿ ಅಂಕಲ್ ಹಾಲಿನ ಲೋಟಗಳನ್ನು ಕುದಿವ ನೀರಿನಿಂದ ತೆಗೆದು ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದ. ಅಡುಗೆ ಅವನದೇ, ಬೆಳಿಗ್ಗೆ ಮಕ್ಕಳನ್ನು ತರುವ ವ್ಯಾನೂ ಅವನದೇ. ಇಡೀ ಬೀದಿಗೆ ಅವನು ಅಂಕಲ್. "ಮನೇಲಿ ನನ್ನ ಹೆಂಡತಿನೂ ಒಂದೊಂದ್ಸಲ ಬಾಯ್ತಪ್ಪಿ ಅಂಕಲ್ ಅಂತಾಳೆ, ನಾನೂ ಓ ಅಂದ್ಬಿಡ್ತೀನಿ" ಎಂದು ಹೇಳಿಕೊಳ್ಳುತ್ತಿದ್ದ.

"ಗುಸ್ಕಿ ಮಾತಾಡಿದ್ಳು" ಅಂದಳು ಆಂಟಿ.

ಅವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಏನಂತ?"

"ಮಮ್ಮಿ ಅಂತ."

"ಯಾರಿಗೆ?"

ಆಂಟಿ ಏಪ್ರನ್ನಿನ ಅಂಚನ್ನು ಸರಿಮಾಡಿಕೊಂಡಳು. ಅವನು ಅವಳ ಮುಖ ನೋಡಿದ, ಆಮೇಲೆ ಲೋಟವನ್ನು ಬಟ್ಟೆಯ ಮೇಲಿಟ್ಟ. "ಸರಿಹೋಯ್ತು. ಓ ಅಂದ್ಯಾ?"

"ಇಲ್ಲ. ಕಿಟಕಿ ಕಡೆ ತಿರುಗಿದೆ."

"ರೂಢಿ."

"ಹೂಂ, ರೂಢಿ."

"ಅದಕ್ಕೇನು ಗೊತ್ತು ಪಾಪ" ಅಂದ ಅಂಕಲ್. "ದಿನಾ ಸಂಜೆ ಆ ಬಾಗಿಲ ಹತ್ರ ನೋಡುತ್ತಲ್ಲ. ಒಂದೊಂದೇ ಮಗು ಮಮ್ಮೀ ಅಂತ ಕೂಗ್ಕೊಂಡು ಓಡುತ್ತೆ, ಯಾರೋ ಎತ್ಕೋತಾರೆ. ಇದರ ಅಮ್ಮ ಬರೋದು ಎಲ್ಲರಿಗಿಂತ ಕೊನೇಲಿ. ಅಷ್ಟೊತ್ತಿಗೆ ಇದು ನಿನ್ನ ಸೊಂಟದ ಮೇಲಿರುತ್ತೆ. ಎತ್ಕೊಂಡವರೇ ಮಮ್ಮಿ ಅಂತ ತಿಳ್ಕೊಂಡಿದೆ. ಲೆಕ್ಕ ಸರಿಯಾಗೇ ಇದೆ, ಉತ್ತರ ತಪ್ಪು."

ಗ್ರ್ಯಾನಿ ಬಾಗಿಲಲ್ಲಿ ನಿಂತಿದ್ದನ್ನು ಇಬ್ಬರೂ ನೋಡಿರಲಿಲ್ಲ. ಗ್ರ್ಯಾನಿ ಅಂದರೆ ಡೇ ಕೇರ್‌ನ ಒಡತಿ. ಸ್ವಂತ ಮಕ್ಕಳೇ ಇಲ್ಲ, ಮೊಮ್ಮಕ್ಕಳೆಲ್ಲಿಂದ ಬರಬೇಕು. ತಲೆಕೂದಲು ಇನ್ನೂ ಕಪ್ಪಗಿದ್ದ ಕಾಲದಲ್ಲೇ ಆ ಹೆಸರನ್ನು ತಾವಾಗಿ ಇಟ್ಟುಕೊಂಡವರು. ಮೇಡಂ ಅಂದರೆ ಮಗುವಿಗೆ ಭಯ, ಗ್ರ್ಯಾನಿ ಅಂದರೆ ಮಗುವಿಗೂ ಧೈರ್ಯ, ಬಿಟ್ಟುಹೋಗುವ ತಾಯಿಗೂ ಧೈರ್ಯ ಎಂಬುದು ಅವರ ವಾದ. ಓ ಅನ್ನಬಾರದೆಂಬ ಕಟ್ಟಳೆಯನ್ನು ಮಾಡಿದವರೂ ಅವರೇ. ಎರಡನೆಯ ಕಟ್ಟಳೆಯೂ ಅವರದೇ: ಮೊದಲ ಹಲ್ಲು, ಮೊದಲ ಹೆಜ್ಜೆ, ಮೊದಲ ಮಾತು, ಇವ್ಯಾವುದನ್ನೂ ಇಲ್ಲಿ ಯಾರೂ ನೋಡಿರುವುದಿಲ್ಲ. ಮಗು ಹಗಲೆಲ್ಲ ಈ ಗೋಡೆಯಿಂದ ಆ ಗೋಡೆಗೆ ಓಡಾಡಿದ್ದರೂ ಸಂಜೆ ತಾಯಿಯ ಕೈಗೆ ಕೊಡುವಾಗ "ಇವತ್ತೋ ನಾಳೆಯೋ ನಡೀಬಹುದು ಅನ್ಸುತ್ತೆ, ಸ್ವಲ್ಪ ಕಣ್ಣಿಟ್ಟಿರಿ" ಎಂದಷ್ಟೇ ಹೇಳಬೇಕು. ಮಾರನೆಯ ದಿನ ಆ ತಾಯಿ ಫೋನು ಹಿಡಿದುಕೊಂಡು ಓಡಿಬಂದು ವಿಡಿಯೋ ತೋರಿಸಿದಾಗ ಬಾಯಿಯ ಮೇಲೆ ಕೈಯಿಟ್ಟು ಬೆರಗಾಗಬೇಕು. ಹೀಗೆ ಬೆರಗಾಗುವುದರಲ್ಲಿ ಆಂಟಿ ಪಳಗಿದ್ದಳು.

"ಯಾರೂ ಏನೂ ಕೇಳಿಲ್ಲ" ಅಂದರು ಗ್ರ್ಯಾನಿ. "ಇವತ್ತಿಲ್ಲಿ ಅಂದದ್ದು ನಾಳೆ ಮನೇಲೂ ಅನ್ನುತ್ತೆ. ಅಲ್ಲಿವರೆಗೆ ಬಾಯಿಗೆ ಬೀಗ."

"ಮನೇಲೂ ಅಂದ್ರೆ ಸರಿ" ಅಂದಳು ಆಂಟಿ.

ಸಂಜೆ ಉಳಿದ ಮಕ್ಕಳೆಲ್ಲ ಹೋದ ಮೇಲೆ, ಎಂದಿನಂತೆ ಕೊನೆಯಲ್ಲಿ ಗುಸ್ಕಿಯ ಅಮ್ಮ ಬಂದಳು. ಕರೆಂಟು ಹೋದವರು, ನಲ್ಲಿಯಲ್ಲಿ ನೀರು ಬರದವರು ದೂರು ಹೇಳಲು ಮಾಡುವ ಫೋನುಗಳಿಗೆ ಉತ್ತರ ಕೊಡುವುದು ಅವಳ ಕೆಲಸ. ಬೆಳಗಿನಿಂದ ಊರವರ ಬೈಗುಳಕ್ಕೆಲ್ಲ "ತಾಳ್ಮೆಯಿಂದಿರಿ ಸಾರ್" ಅನ್ನುತ್ತ ಸಂಜೆಯ ಹೊತ್ತಿಗೆ ಗಂಟಲು ಕಟ್ಟಿಹೋಗಿರುತ್ತಿತ್ತು. ಕಿವಿಯ ಮೇಲೆ ಹೆಡ್‌ಫೋನಿನ ಅಚ್ಚು ಹಾಗೇ ಕೆಂಪಗೆ ಉಳಿದಿರುತ್ತಿತ್ತು. ಗಂಡ ದೂರದಲ್ಲಿ ಸೇತುವೆ ಕಟ್ಟುವ ಕಡೆ ಮೇಸ್ತ್ರಿ, ತಿಂಗಳಿಗೊಮ್ಮೆ ಬರುವವನು.

ಮಗುವನ್ನು ಎತ್ತಿಕೊಳ್ಳುತ್ತ ಅವಳು ದಿನವೂ ಕೇಳುವ ಪ್ರಶ್ನೆಯನ್ನೇ ಕೇಳಿದಳು. "ಏನಾದ್ರೂ ಅಂದ್ಲಾ ಆಂಟಿ?"

"ಚೆನ್ನಾಗಿ ಉಂಡಳು ಇವತ್ತು" ಅಂದಳು ಆಂಟಿ. "ನಿದ್ದೆನೂ ಆಯ್ತು."

"ಆಯ್ತು ಬಿಡಿ." ಅವಳು ಚಪ್ಪಲಿಗೂಡಿನ ಮೇಲೆ ಕೈಚೀಲ ಇಟ್ಟಳು. "ನಿನ್ನೆ ಇವಳ ಕಿವಿ ತೋರಿಸ್ಕೊಂಡು ಬಂದೆ. ಕಿವಿ ಸರಿಯಾಗಿದೆಯಂತೆ. ಡಾಕ್ಟರು ಒಂದೇ ಕೇಳಿದ್ದು. ಒಂದಾದ್ರೂ ಮಾತು ಇದೆಯಾ, ಯಾರನ್ನಾದ್ರೂ ನೋಡಿ ಕರೀತಾಳಾ ಅಂತ. ಒಂದಿದ್ರೆ ಸಾಕು, ಅದರ ಹಿಂದೆ ಬೇರೆಯವು ಬರ್ತವೆ ಅಂದ್ರು. ಒಂದೂ ಇಲ್ಲ ಅಂದೆ. ಬರ್ಕೊಂಡ್ರು."

ಆಂಟಿ ಮಗುವಿನ ಟೋಪಿ ಸರಿಮಾಡಿದಳು. ಟೋಪಿ ಸರಿಯಾಗಿಯೇ ಇತ್ತು.

"ನಮ್ಮತ್ತೆ ಹೇಳೋದೂ ನಿಜವೇನೋ. ತಾಯಿ ಹತ್ರ ಇರದ ಮಗು ಯಾರನ್ನ ಕರೀಬೇಕು ಹೇಳಿ. ಊರಿನವರ ಹತ್ರೆಲ್ಲ ಮಾತಾಡಿ ಮಾತಾಡಿ ಮನೆಗೆ ಹೋದಾಗ ನನ್ನ ಬಾಯಲ್ಲೇ ಏನೂ ಉಳಿದಿರಲ್ಲ. ಮುಂದಿನ ವಾರ ಕೆಲಸ ಬಿಡ್ತೀನಿ ಅಂತ ಬರೆದುಕೊಡ್ತೀನಿ ಆಂಟಿ. ಬಾಡಿಗೆಗೆ ಕಷ್ಟ ಆಗುತ್ತೆ, ಇನ್ನೂ ಸಣ್ಣ ಮನೆ ನೋಡ್ಕೋತೀವಿ. ಆ ಹೆಡ್‌ಫೋನು ನನಗಿಷ್ಟ, ನಿಜ ಹೇಳ್ತೀನಿ. ಬೈದವರೂ ಕೊನೇಲಿ ಥ್ಯಾಂಕ್ಸ್ ಅಂತಾರೆ. ಆದ್ರೆ ಏನು ಮಾಡೋದು."

ಅವಳು ಹೊರಟಳು. ಗುಸ್ಕಿ ಅಮ್ಮನ ಭುಜದ ಮೇಲಿಂದ ಆಂಟಿಯನ್ನೇ ನೋಡುತ್ತ ಹೋದಳು. ಕೈ ಬೀಸು ಅಂದರೆ ದಿನವೂ ಬೀಸುವವಳು ಇವತ್ತು ಬೀಸಲಿಲ್ಲ.

ಮನೆಗೆ ಹೋದ ಮೇಲೆ ಆಂಟಿಯ ದೊಡ್ಡ ಮಗ ಫೋನು ಮಾಡಿದ. "ಏನ್ ಬಾಸ್, ಊಟ ಆಯ್ತಾ?" ಅವಳ ಇಬ್ಬರು ಗಂಡುಮಕ್ಕಳೂ ಮೀಸೆ ಬಂದಾಗಿನಿಂದ ಅವಳನ್ನು ಬಾಸ್ ಎಂದೇ ಕರೆಯುವುದು. ಅದಕ್ಕೂ ಮೊದಲು ಏನೆಂದು ಕರೆಯುತ್ತಿದ್ದರೋ ಅದು ಯಾವತ್ತು ನಿಂತಿತೆಂದು ಅವಳು ಗಮನಿಸಿರಲಿಲ್ಲ. ಬಾಸ್ ಅನ್ನುವುದರಲ್ಲಿ ಪ್ರೀತಿಯೇನೂ ಕಡಿಮೆಯಿರಲಿಲ್ಲ. ಆದರೂ ಇವತ್ತು ಮಧ್ಯಾಹ್ನ ಆ ಒಂದು ಮಾತು ಕಿವಿಗೆ ಬಿದ್ದಾಗ ಮೈಯೆಲ್ಲ ಬೆಚ್ಚಗಾಗಿದ್ದು ನಿಜ. ಮುಖ ತಿರುಗಿಸಿದ್ದು ರೂಢಿಯಿಂದ, ಬೆಚ್ಚಗಾಗಿದ್ದು ರೂಢಿಯಿಂದಲ್ಲ. ಅದೇ ಅವಳನ್ನು ಕಾಡುತ್ತಿತ್ತು. ಹೋಗಿ ಆ ತಾಯಿಗೆ ಹೇಳಿದರೆ ಅದು ಆ ತಾಯಿಯ ಒಳ್ಳೆಯದಕ್ಕೋ, ತನ್ನ ಜಂಬಕ್ಕೋ?

"ಬಾಸ್, ಲೈನಲ್ಲಿದೀಯಾ?" ಅಂದ ಮಗ.

"ಇದೀನಪ್ಪ. ನೀನು ಮೊದಲು ಮಾತಾಡಿದ್ದು ಯಾವ ಮಾತು ಗೊತ್ತಾ?"

"ನನಗೆ ಹೇಗೆ ಗೊತ್ತಿರುತ್ತೆ? ನೀನು ಹೇಳ್ಬೇಕು."

"'ಬೇಡ' ಅಂತ" ಅಂದಳು ಆಂಟಿ. ಮಗ ನಕ್ಕ. ಫೋನು ಇಟ್ಟ ಮೇಲೆ, ಆ 'ಬೇಡ'ವನ್ನು ತಾನು ಎಷ್ಟು ಜನರಿಗೆ ಹೇಳಿಕೊಂಡು ತಿರುಗಿದ್ದೆ ಎಂಬುದು ಅವಳಿಗೆ ನೆನಪಾಯಿತು.

ಮಾರನೆಯ ದಿನ ಶುಕ್ರವಾರ. ಆಂಟಿ ಬೆಳಿಗ್ಗೆಯಿಂದಲೇ ಗುಸ್ಕಿಯ ಸುತ್ತಮುತ್ತ ಸುಳಿದಳು. ಏಪ್ರನ್ನಿನ ಅಂಚು ಕೈಗೆಟಕುವ ಹಾಗೆ ಎದುರಿಗೆ ಕೂತಳು. "ನಾನ್ಯಾರು ಪುಟ್ಟಾ?" ಅಂದಳು. ಪುಸ್ತಕದಲ್ಲಿ ಮರಿಯ ಜೊತೆಗಿದ್ದ ಬಾತುಕೋಳಿಯನ್ನು ತೋರಿಸಿ "ಇದು ಮರಿಗೆ ಏನಾಗಬೇಕು?" ಅಂದಳು. ಗುಸ್ಕಿ ಬಾತುಕೋಳಿಯನ್ನು ನೋಡಿದಳು, ಪುಟ ಮಗುಚಿದಳು.

ಮಧ್ಯಾಹ್ನದ ಮುಂಚೆ ಅವಳ ಚೆಂಡು ಉರುಳಿ ಅಲಮಾರಿನ ಅಡಿಗೆ ಹೋಯಿತು. ಅಡ್ಡ ಮಲಗಿ ಕೈ ಹಾಕಿದಳು, ಎಟುಕಲಿಲ್ಲ. ಎದ್ದು ಕೋಣೆಯಲ್ಲೆಲ್ಲ ಕಣ್ಣು ಹಾಯಿಸಿದಳು. ಆಂಟಿ ಬೇಕೆಂದೇ ಬೆನ್ನು ಮಾಡಿ ನಿಂತು ಕಾದಳು. ಕರೆಯಲಿ, ಈ ಸಲ ತಿರುಗುತ್ತೇನೆ ಅಂದುಕೊಂಡಳು. ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಿಸಿಯಾದ ಪುಟ್ಟ ಕೈಯೊಂದು ಅವಳ ಬೆರಳನ್ನು ಹಿಡಿಯಿತು. ಮಾತಿಲ್ಲದೆ, ಮೊದಲಿನ ಹಾಗೆಯೇ, ಅಲಮಾರಿನ ಕಡೆಗೆ ನಡೆಸಿಕೊಂಡು ಹೋಯಿತು.

ಚೆಂಡು ತೆಗೆದುಕೊಟ್ಟು ಆಂಟಿ ನೆಲದ ಮೇಲೇ ಕೂತುಬಿಟ್ಟಳು. ಬೇರೆ ಮಕ್ಕಳಿಗೆ ಮೂರು ನಾಲ್ಕು ದಿನ ಬೇಕಾಗುತ್ತಿತ್ತು. ಇವಳು ಚುರುಕು, ಒಂದೇ ಸಲಕ್ಕೆ ಪಾಠ ಕಲಿತುಬಿಟ್ಟಿದ್ದಳು. ಬೇರೆ ಮಕ್ಕಳ ಹತ್ತಿರ ಈ ಮಾತು ಹೋದರೆ ಇನ್ನೊಂದಿತ್ತು. ಇವಳ ಹತ್ತಿರ ಇದ್ದದ್ದು ಒಂದೇ.

ಚಹಾದ ಹೊತ್ತಿಗೆ ಅವಳು ಗ್ರ್ಯಾನಿಯ ಕೋಣೆಗೆ ಹೋದಳು. "ನಾನು ಆ ತಾಯಿಗೆ ಹೇಳ್ತೀನಿ."

ಗ್ರ್ಯಾನಿ ಕನ್ನಡಕ ತೆಗೆದರು. "ಕೂತ್ಕೋ. ನೀನು ಬರೋಕ್ಕಿಂತ ಮುಂಚೆ ಇಲ್ಲೊಬ್ಬಳಿದ್ದಳು, ಚಿನ್ನದಂಥ ಹುಡುಗಿ. ಒಂದು ಮಗು ಅವಳನ್ನ ಮಮ್ಮಿ ಅಂತಿತ್ತು. ಅವಳೂ ಖುಷಿಯಾಗಿ ಓ ಅಂತಿದ್ದಳು. ಒಂದಿನ ತಾಯಿ ಬೇಗ ಬಂದಳು, ಕೇಳಿಸ್ಕೊಂಡಳು. ಏನೂ ಜಗಳ ಮಾಡ್ಲಿಲ್ಲ. ಮಗೂನ ಎತ್ಕೊಂಡು ಹೋದಳು, ಮತ್ತೆ ಬರ್ಲಿಲ್ಲ. ಅವಳು ಯಾರಿಗೆ ಏನು ಹೇಳಿದಳೋ, ತಿಂಗಳೊಳಗೆ ಇನ್ನೆರಡು ಮಕ್ಕಳು ಹೋದವು. ನಾನು ಹೆಂಗಸಲ್ವಾ, ನನಗೆ ಅರ್ಥ ಆಗುತ್ತೆ. ದುಡಿಯೋಕೆ ಹೋದ ತಾಯಿ ದಿನಾ ಎದೇಲಿ ಒಂದು ಮುಳ್ಳು ಇಟ್ಕೊಂಡೇ ಹೋಗಿರ್ತಾಳೆ. ಅದನ್ನ ನಾವು ಒತ್ತಬಾರದು."

"ಹೇಳಿದ್ರೆ ಮಗು ಬಿಡಿಸ್ತಾರೆ ಅಂತೀರಿ. ಹೇಳದಿದ್ರೂ ಬಿಡಿಸ್ತಾರಲ್ಲ ಗ್ರ್ಯಾನಿ. ಮುಂದಿನ ವಾರ ಕೆಲಸ ಬಿಡ್ತಾರಂತೆ. ಮಗು ಮೂಗಿ ಅಂದ್ಕೊಂಡಿದಾರೆ."

"ಅದು ಅವರ ತೀರ್ಮಾನ."

"ಮಾತಿಲ್ಲ ಅಂತ ಮಾಡಿರೋ ತೀರ್ಮಾನ. ಮಾತಿತ್ತು. ನಾನು ಮುಚ್ಚಿಸಿದೆ."

ಗ್ರ್ಯಾನಿ ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿದರು. "ಹೇಳೋದಾದ್ರೆ ಒಳಗೆ ಕರೆದು ಕೂರಿಸಿ ಹೇಳು" ಅಂದರು ಕೊನೆಗೆ. "ಬಾಗಿಲಲ್ಲಿ ನಿಲ್ಲಿಸ್ಕೊಂಡು ಹೇಳೋ ಮಾತಲ್ಲ ಅದು. ನಾನು ಇಲ್ಲಿರಲ್ಲ, ಹಾಲಿನವನ ಹತ್ರ ಕೆಲಸ ಇದೆ."

ಹಾಲಿನವನು ಬರುವುದು ಬೆಳಿಗ್ಗೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಗುಸ್ಕಿಯ ಅಮ್ಮ ಬಂದಾಗ ಆಂಟಿ ಅವಳನ್ನು ಮಕ್ಕಳ ಊಟದ ಕೋಣೆಗೆ ಕರೆದಳು. ಅಲ್ಲಿದ್ದದ್ದೆಲ್ಲ ಗೇಣೆತ್ತರದ ಬೆಂಚುಗಳು. ಇಬ್ಬರೂ ಮಂಡಿ ಮೇಲೆ ಮಾಡಿಕೊಂಡು ಎದುರುಬದುರು ಕೂತರು. ಗುಸ್ಕಿ ಮೇಜಿನ ಕೆಳಗೆ ಬಿಸ್ಕತ್ತಿನ ಚೂರು ಹುಡುಕುತ್ತಿದ್ದಳು.

"ಬಿದ್ದಳಾ?" ಅಂದಳು ಅಮ್ಮ. "ಏಟಾಯ್ತಾ?"

"ಇಲ್ಲ ಮಮ್ಮಿ. ಏಟೇನಿಲ್ಲ." ಮಕ್ಕಳನ್ನು ಕರೆದೊಯ್ಯಲು ಬರುವ ತಾಯಂದಿರನ್ನೆಲ್ಲ ಡೇ ಕೇರ್‌ನವರು ಮಮ್ಮಿ ಎಂದೇ ಕರೆಯುವುದು. ಇವತ್ತು ಅಂದ ಮೇಲೆ ಆ ಮಾತು ಆಂಟಿಯ ಕಿವಿಗೇ ಬಿತ್ತು. "ನಿನ್ನೆ ನಾನು ನಿಮಗೊಂದು ಹೇಳಲಿಲ್ಲ. ನಿನ್ನೆ ಮಧ್ಯಾಹ್ನ ಇವಳು ಮಾತಾಡಿದಳು. ಒಂದೇ ಮಾತು. ಸ್ಪಷ್ಟವಾಗಿ."

ತಾಯಿಯ ಕಣ್ಣು ಅಗಲವಾಯಿತು. ಮೇಜಿನ ಕೆಳಗೆ ಬಗ್ಗಿ ಮಗಳನ್ನು ನೋಡಿ ಮತ್ತೆ ಎದ್ದಳು. "ಏನಂತ?"

"ಮಮ್ಮಿ ಅಂತ."

ಅವಳು ನಗಲು ಶುರುಮಾಡಿದಳು. ನಗು ಅರ್ಧಕ್ಕೆ ಬಂದಾಗ, ನಿನ್ನೆ ಮಧ್ಯಾಹ್ನ ತಾನೆಲ್ಲಿದ್ದೆ ಎಂಬುದು ಅವಳಿಗೆ ನೆನಪಾದದ್ದನ್ನು ಆಂಟಿ ನೋಡಿದಳು. ನಗು ಹಾಗೇ ಮುಖದ ಮೇಲೆ ಉಳಿಯಿತು, ಅದರ ಹಿಂದೆ ಏನೂ ಇರಲಿಲ್ಲ.

"ಯಾರನ್ನ ನೋಡಿ?"

"ನನ್ನ."

ಹೊರಗೆ ಅಂಕಲ್ ವ್ಯಾನು ತೊಳೆಯುವ ನೀರಿನ ಸದ್ದು ಕೇಳಿಸುತ್ತಿತ್ತು. ತಾಯಿ ತನ್ನ ಕೈಚೀಲದ ಕೊಂಡಿಯನ್ನು ತೆಗೆದಳು, ಹಾಕಿದಳು. ಆಂಟಿ ಮನಸ್ಸಿನಲ್ಲಿ ಹತ್ತು ಸಮಾಧಾನ ಸಿದ್ಧಮಾಡಿಕೊಂಡು ಬಂದಿದ್ದಳು. ಮಕ್ಕಳೆಲ್ಲ ಹೀಗೇ, ಅಂಕಲ್‌ನನ್ನೂ ಒಂದು ಮಗು ಮಮ್ಮಿ ಅಂದಿತ್ತು, ಹಾಲಿನ ಬಾಟಲಿಗೂ ಅಂದಿತ್ತು. ಅವನ್ನೆಲ್ಲ ಬಿಟ್ಟು ಮೇಜಿನ ಮೇಲಿನ ಪುಡಿಯನ್ನು ಅಂಗೈಯಿಂದ ಒಟ್ಟುಮಾಡಿದಳು.

"ಆಯ್ತು" ಅಂದಳು ತಾಯಿ. ದೂರು ಕೇಳಿಸಿಕೊಳ್ಳುವವಳ ದನಿ ಅದು, ಏರಿಳಿತವಿಲ್ಲದ್ದು. "ನೀವೇನಂದ್ರಿ?"

"ಏನಕ್ಕೆ?"

"ಮಮ್ಮಿ ಅಂದಳಲ್ಲ. ಅದಕ್ಕೆ ನೀವು ಏನಂದ್ರಿ?"

"ಏನೂ ಅನ್ನಲಿಲ್ಲ. ಇಲ್ಲಿ ಓ ಅನ್ನಬಾರದು ಅಂತಿದೆ. ನಿಮ್ಮಂಥವರ ಮನಸ್ಸಿಗೆ ನೋವಾಗಬಾರದು ಅಂತ. ನಾನು ಕಿಟಕಿ ಕಡೆ ತಿರುಗಿಬಿಟ್ಟೆ. ಆಮೇಲೆ ಅವಳು ಮಾತಾಡಿಲ್ಲ. ಇವತ್ತೆಲ್ಲ ಪ್ರಯತ್ನಪಟ್ಟೆ."

"ತಿರುಗಿಬಿಟ್ರಾ?"

"ರೂಢಿ..."

"ಎರಡು ವರ್ಷ ಕಾದಿದೀನಿ ಆಂಟಿ." ಈಗ ಆ ದನಿಯಲ್ಲಿ ಏರಿಳಿತವಿತ್ತು. "ಅದು ಬಾಯಿ ಬಿಟ್ಟು ಒಬ್ಬರನ್ನ ಕರೀತು. ನಾನಿರಲಿಲ್ಲ, ನನ್ನ ಹಣೆಬರಹ. ಇದ್ದವರಾದ್ರೂ ಓ ಅನ್ನಬೇಕೋ ಬೇಡ್ವೋ? ಬೀದೀಲಿ ಯಾರದೋ ಮಗು ಕರೆದ್ರೂ ಜನ ಓ ಅಂತಾರೆ. ನಾನು ದಿನಕ್ಕೆ ಎಷ್ಟು ಜನಕ್ಕೆ ಅಂತೀನಿ ಗೊತ್ತಾ? ಕುಡಿದು ಫೋನ್ ಮಾಡೋರಿಗೂ ಅಂತೀನಿ. ಉತ್ತರ ಬರದಿದ್ರೆ ಮನುಷ್ಯ ಫೋನ್ ಇಟ್ಬಿಡ್ತಾನೆ, ಅಷ್ಟೆ. ದೊಡ್ಡೋರೇ ಇಟ್ಬಿಡ್ತಾರೆ."

ಆಂಟಿ ತಲೆ ತಗ್ಗಿಸಿದಳು. ಇಷ್ಟು ವರ್ಷದ ಕೆಲಸದಲ್ಲಿ ತಾಯಂದಿರಿಂದ ಅವಳು ತರತರದ ಮಾತು ಕೇಳಿದ್ದಳು. ಚಡ್ಡಿ ಬದಲಾಯಿಸಿಲ್ಲ, ಕ್ರೀಮು ಹಚ್ಚಿಲ್ಲ, ಬೇರೆಯವರ ಟೋಪಿ ಹಾಕಿ ಕಳಿಸಿದೀರಿ. ಓ ಅನ್ನಲಿಲ್ಲವೆಂದು ಮಾತ್ರ ಯಾರೂ ಬೈದಿರಲಿಲ್ಲ.

ತಾಯಿ ಎದ್ದಳು. ಮೇಜಿನ ಕೆಳಗಿಂದ ಮಗಳನ್ನು ಎಳೆದು ಎತ್ತಿಕೊಂಡಳು. ಮುಖಕ್ಕೆ ಅಂಟಿದ್ದ ಬಿಸ್ಕತ್ತಿನ ಪುಡಿಯನ್ನು ಒರೆಸುತ್ತ, ಮಗಳ ಕೂದಲಿಗೆ ಬಾಯಿಟ್ಟು, ತುಂಬ ಮೆಲ್ಲಗೆ "ಯಾರನ್ನ ಕರೆದೆ ಕಳ್ಳೀ" ಅಂದಳು. ಆಮೇಲೆ ಹೊರಟುಹೋದಳು. ಸೋಮವಾರ ಬರುತ್ತೇನೆ ಅಂತಲೂ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಸೋಮವಾರ ಬೆಳಿಗ್ಗೆ ವ್ಯಾನು ಬಂದಾಗ ಆಂಟಿ ಗೇಟಿಗೆ ಹೋದಳು. ಅಂಕಲ್ ಒಂದೊಂದೇ ಮಗುವನ್ನು ಇಳಿಸಿದ. ಕೊನೆಯಲ್ಲಿ ಗುಸ್ಕಿಯನ್ನೂ ಇಳಿಸಿದ.

"ಅವಳ ಅಮ್ಮ ಏನಾದ್ರೂ ಹೇಳಿದ್ರಾ?"

"ನನಗೇನೂ ಹೇಳಿಲ್ಲ. ಎರಡು ದಿನ ಎದುರಿಗೆ ಕೂರಿಸ್ಕೊಂಡು ಹೇಳಿಸೋಕೆ ನೋಡಿದ್ರಂತೆ, ಇದು ಬಾಯೇ ಬಿಡಲಿಲ್ಲವಂತೆ. ಪಕ್ಕದ ಮನೆಯವರ ಹತ್ರ ಹೇಳ್ಕೋತಿದ್ರು, ನನ್ನ ಕಿವಿಗೆ ಬಿತ್ತು." ಅವನು ವ್ಯಾನಿನ ಬಾಗಿಲು ಜಾರಿಸಿ ಹಾಕಿದ. "ಮಗು ಕಳಿಸಿದಾರಲ್ಲ. ಅಷ್ಟು ಸಾಕು ಅಂದ್ಕೋ."

ಊಟವಾಯಿತು, ನಿದ್ದೆಯಾಯಿತು. ಮಕ್ಕಳು ಎದ್ದು ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಕೋಣೆಯ ಅರ್ಧಬಾಗಿಲಿನ ಆಚೆ ಯಾರೋ ನಿಂತಂತಾಯಿತು. ದೊಡ್ಡವರ ಎದೆಮಟ್ಟಕ್ಕಿರುವ ಬಾಗಿಲು ಅದು. ಒಳಗಿನ ಮಕ್ಕಳಿಗೆ ಆಚೆಯವರು ಕಾಣುವುದಿಲ್ಲ. ಗುಸ್ಕಿಯ ಅಮ್ಮ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಬಂದು ನಿಂತಿದ್ದಳು. ಇನ್ನೂ ಸಂಜೆಯಾಗಿರಲಿಲ್ಲ. ಆಂಟಿ ಏಳಲು ಹೋದಳು. ಅವಳು ಬೇಡವೆಂದು ಕೈಯಾಡಿಸಿ, ತುಟಿಯ ಮೇಲೆ ಬೆರಳಿಟ್ಟಳು.

ಹಿಂದಿನಿಂದ ಗ್ರ್ಯಾನಿ ಒಂದು ಸ್ಟೂಲು ತಂದು ಅವಳ ಪಕ್ಕಕ್ಕಿಟ್ಟರು. "ನಿಂತ್ಕೊಂಡು ಕಾಲು ನೋಯುತ್ತೆ" ಎಂದು ಪಿಸುಗುಟ್ಟಿದರು. "ಕೆಲಸ?"

"ಅರ್ಧ ದಿನ ರಜೆ ಕೇಳಿದೀನಿ. ಕೆಲಸ ಬಿಡ್ತೀನಿ ಅಂತ ಇನ್ನೂ ಬರೆದುಕೊಟ್ಟಿಲ್ಲ." ಅವಳು ಕೂರಲಿಲ್ಲ. ಕಣ್ಣು ಒಳಗೇ ಇತ್ತು.

ಆಂಟಿ ಎಂದಿನಂತೆ ಕೆಲಸ ಮಾಡಿದಳು. ಹಾಸಿಗೆ ಮಡಿಸಿದಳು, ಅವಳಿಗಳ ಮೂಗು ಒರೆಸಿದಳು. ಇವತ್ತು ಬೆಳಿಗ್ಗೆಯಿಂದ ಅವಳು ಯಾರು ಯಾವ ಸದ್ದು ಮಾಡಿದರೂ ಓ ಅನ್ನುತ್ತಿದ್ದಳು. ಕೆಮ್ಮಿದರೆ ಓ, ಆಕಳಿಸಿದರೆ ಓ. ದೊಡ್ಡ ಮಕ್ಕಳಿಗೆ ಅದೊಂದು ಆಟವಾಗಿತ್ತು. ಗುಸ್ಕಿ ದೂರದಿಂದ ಅದನ್ನೆಲ್ಲ ನೋಡುತ್ತಿದ್ದಳು.

ಆಮೇಲೆ ಅವಳು ಒಂದು ಕಾಲುಚೀಲ ಹಿಡಿದುಕೊಂಡು ಬಂದಳು. ನಿದ್ದೆಯಲ್ಲಿ ಕಳಚಿಬಿದ್ದದ್ದು. ಆಂಟಿಯ ಬೆನ್ನ ಹಿಂದೆ ನಿಂತಳು. ಬೆರಳು ಹಿಡಿಯಲು ಕೈ ಚಾಚಿದವಳು ತಡೆದಳು. ಆಂಟಿ ಮಡಿಸುತ್ತಿದ್ದ ಹೊದಿಕೆಯನ್ನು ಕೈಯಲ್ಲೇ ಹಿಡಿದು ಅಲುಗದೆ ಕೂತಳು.

"ಮಮ್ಮಿ."

ಆಂಟಿಯ ಕಣ್ಣು ಅರ್ಧಬಾಗಿಲಿಗೆ ಹೋಯಿತು. ಅಲ್ಲಿ ತಾಯಿ ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಇನ್ನೊಂದು ಕೈಯನ್ನು ಅವಸರವಾಗಿ ಮುಂದಕ್ಕೆ ಆಡಿಸಿದಳು: ಅನ್ನಿ, ಅನ್ನಿ.

"ಓ" ಅಂದಳು ಆಂಟಿ. ತಿರುಗಿ ಕೂತಳು.

ಗುಸ್ಕಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಸ್ವಿಚ್ಚು ಒತ್ತಿದರೆ ದೀಪ ಇನ್ನೊಮ್ಮೆ ಹತ್ತುತ್ತದೋ ಎಂದು ನೋಡುವವರ ಹಾಗೆ, ಮತ್ತೆ ಒಮ್ಮೆ ಅಂದಳು.

"ಮಮ್ಮಿ."

"ಓ."

ನೆಲದ ಮೇಲೆ ಕೂತು ಬರಿಗಾಲನ್ನು ಆಂಟಿಯ ಕಡೆಗೆ ಚಾಚಿದಳು. ಕಾಲುಚೀಲವನ್ನು ಕೊಡಲಿಲ್ಲ, ತನ್ನ ಕೈಯಲ್ಲೇ ಇಟ್ಟುಕೊಂಡಳು. ಅವಳಿಗೆ ಆಟ ಹಿಡಿಸಿತ್ತು.

"ಮಮ್ಮಿ" ಅಂದಳು ಮೂರನೆಯ ಸಲ.

ಆಂಟಿ ಬಾಯಿ ತೆರೆಯಲಿಲ್ಲ. ಹೊದಿಕೆಯ ಮಡಿಕೆಯನ್ನು ಅಂಗೈಯಿಂದ ಒತ್ತುತ್ತ ಕಾದಳು.

"ಓ" ಎಂದಿತು ಬಾಗಿಲಿನ ಆಚೆಯಿಂದ ಒಂದು ದನಿ. ಕಟ್ಟಿದ ಗಂಟಲಿನದು, ಅಷ್ಟು ದೊಡ್ಡದೇನಲ್ಲ.

ಗುಸ್ಕಿ ಕತ್ತು ಹೊರಳಿಸಿದಳು. ಬಾಗಿಲನ್ನು ನೋಡಿದಳು, ಆಂಟಿಯನ್ನು ನೋಡಿದಳು, ಮತ್ತೆ ಬಾಗಿಲನ್ನು ನೋಡಿದಳು. ಕಾಲುಚೀಲ ಅವಳ ಕೈಯಲ್ಲೇ ಇತ್ತು.